ಅಂಗಳದ ಮಲ್ಲಿಗೆ
(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಈಗ ವೈಶಾಖ. ಬಿಸಿಲು ಸುಡುತ್ತಿದೆ. ಬಾವಿಯ ನೀರು ಕೆಳಗೆ ಹೋಗಿದೆ. ಆದರೂ ನಮ್ಮ ಅಂಗಳ ನೋಡಿ. ದಾಸವಾಳ ಅರಳಿದೆ. ಅಬ್ಬಲಿಗೆ ಅರಳಿದೆ. ನಂದಿಬಟ್ಟಲು ಬೆಳ್ಳಗೆ ಕಾಣುತ್ತಿದೆ. ಬೇಲಿಯ ಕಣಗಿಲೆಯೂ ಹೂ ಬಿಟ್ಟಿದೆ. ಕಣಗಿಲೆ ದೇವರಿಗೆ ಆಗುತ್ತದೆ, ನಿಜ. ಆದರೆ ಅದರ ಎಲೆ, ಕಡ್ಡಿ, ಹೂ ಎಲ್ಲವೂ ವಿಷ. ಮಕ್ಕಳ ಬಾಯಿಗೆ, ದನದ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ.

ಇವತ್ತು ನಾವು ಮಾತಾಡುವುದು ಮಲ್ಲಿಗೆಯ ವಿಷಯ.

ನಮ್ಮ ಉಡುಪಿ ಸೀಮೆಯ ಮಲ್ಲಿಗೆಗೆ ದೊಡ್ಡ ಹೆಸರಿದೆ. ಶಂಕರಪುರದ ಮಲ್ಲಿಗೆ ಅಂದರೆ ಮುಂಬಯಿಯಲ್ಲೂ ಜನ ಬಲ್ಲರು. ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಈ ಮೂರಕ್ಕೂ ಸರಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಕಡೆಯ ಹೂವನ್ನು ಈ ಹೆಸರಲ್ಲಿ ಮಾರುವಂತಿಲ್ಲ. ಈ ಹೆಸರು ತಂದವರು ಯಾರು? ಅಂಗಳದಲ್ಲಿ ಹತ್ತಿಪ್ಪತ್ತು ಗಿಡ ಸಾಕಿದವರು. ಮೊಗ್ಗು ಕೊಯ್ಯುವವರು, ಕಟ್ಟುವವರು. ಹೆಚ್ಚಿನವರು ನಮ್ಮಂಥ ಹೆಂಗಸರೇ ಅಲ್ವಾ?

ಗಿಡ ಸಾಕುವುದು ನಿಮಗೆ ನಾವು ಕಲಿಸಬೇಕಾಗಿಲ್ಲ. ಒಂದೆರಡು ಮಾತು ಮಾತ್ರ. ಮಲ್ಲಿಗೆಗೆ ಬಿಸಿಲು ಬೇಕು. ನೆರಳಿನಲ್ಲಿ ಎಲೆ ಬರುತ್ತದೆ, ಮೊಗ್ಗು ಬರುವುದಿಲ್ಲ. ಚಳಿಗಾಲದಲ್ಲಿ ಗೆಲ್ಲು ಸವರಿ, ಬುಡಕ್ಕೆ ಹಟ್ಟಿಗೊಬ್ಬರ ಹಾಕಿ. ಸವರಲು ಕೆಲವರಿಗೆ ಹೆದರಿಕೆ, ಗಿಡ ಸತ್ತೀತು ಅಂತ. ಸಾಯುವುದಿಲ್ಲ. ಹೂ ಬರುವುದೇ ಹೊಸ ಚಿಗುರಿನಲ್ಲಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮೊಗ್ಗಿನಲ್ಲಿ ತೂತು ಕಂಡರೆ ಒಳಗೆ ಹುಳು ಇದೆ ಅಂತ ತಿಳಿಯಿರಿ. ಅಂಥ ಮೊಗ್ಗು ಕಿತ್ತು ಸುಟ್ಟುಬಿಡಿ. ವಿಷದ ಮದ್ದಿಗೆ ಅವಸರ ಮಾಡಬೇಡಿ. ಆ ಹೂ ನಮ್ಮ ಮಕ್ಕಳ ತಲೆಗೇ ಏರುವುದು.

ಇನ್ನು ಲೆಕ್ಕ. ಸ್ಲೇಟು ತೆಗೆಯಿರಿ.

800 ಹೂವಿಗೆ 1 ಚೆಂಡು. 4 ಚೆಂಡಿಗೆ 1 ಅಟ್ಟೆ. ಹಾಗಾದರೆ ಅಟ್ಟೆಗೆ ಎಷ್ಟು ಹೂ? 3200. ಇಷ್ಟು ಹೂವನ್ನು ಬೆಳಕು ಹರಿಯುವಾಗ ಕೊಯ್ದು, ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಬೇಕು. ಬೆನ್ನು ನೋಯುತ್ತದೆ, ಬೆರಳು ನೋಯುತ್ತದೆ. ಅದು ಯಾವ ಚೀಟಿಯಲ್ಲೂ ಬರುವುದಿಲ್ಲ!

ಅಟ್ಟೆಯ ದರ ದಿನಾ ಬದಲಾಗುತ್ತದೆ. ಮದುವೆ ಇದ್ದರೆ ಏರುತ್ತದೆ. ಹೂ ರಾಶಿ ಬಿದ್ದರೆ ಇಳಿಯುತ್ತದೆ. ಇವತ್ತು ಅಟ್ಟೆಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಚೆಂಡಿಗೆ 100 ಆಯಿತು. ನಿಮ್ಮ ಮನೆಯಲ್ಲಿ 200 ಮೊಗ್ಗು ಸಿಕ್ಕಿದರೆ ನಿಮ್ಮ ಪಾಲು 25 ರೂಪಾಯಿ. ನಾಲ್ಕು ಮನೆಯವರು ಒಟ್ಟು ಸೇರಿದರೆ ಒಂದು ಚೆಂಡು. ಒಬ್ಬರೇ ಕೊಂಡೊಯ್ದು ಕೊಡಬಹುದು, ಮೂವರ ಹೊತ್ತು ಉಳಿಯಿತು.

ಹೂ ಕೊಟ್ಟ ಮೇಲೆ ಚೀಟಿ ಕೇಳಿ ಪಡೆಯಿರಿ. ತಾರೀಕು ಓದಿ. ಎಷ್ಟು ಚೆಂಡು, ಯಾವ ದರ, ಕಮಿಷನ್ ಅಂತ ಎಷ್ಟು ಹಿಡಿದರು, ಎಲ್ಲ ಓದಿ. ಮನೆಗೆ ಬಂದು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಎಷ್ಟೋ ಮನೆಗಳಲ್ಲಿ ಹೂ ಕಟ್ಟುವವಳು ಒಬ್ಬಳು, ಹಣ ಎಣಿಸುವವನು ಇನ್ನೊಬ್ಬ. ತಿಂಗಳ ಕೊನೆಗೆ ಪುಸ್ತಕ ತೆರೆದು, ಇಷ್ಟು ನನ್ನ ದುಡಿಮೆ ಅಂತ ತೋರಿಸಿದರೆ ಮನೆಯ ಮಾತಿನ ಧಾಟಿ ಬೇರೆಯಾಗುತ್ತದೆ. ನಾವು ಕಂಡದ್ದನ್ನೇ ಹೇಳುತ್ತಿದ್ದೇವೆ.

ಒಂದು ವಿಷಯ ಉಳಿಯಿತು. ಹೇಳಲೋ ಬೇಡವೋ ಅಂತ ನಾವು ನಾವೇ ಮಾತಾಡಿಕೊಂಡೆವು. ಹೇಳಿಯೇ ಬಿಡುತ್ತೇವೆ.

ನಮ್ಮ ಕೇಂದ್ರದಲ್ಲಿ ಒಬ್ಬರು ಅಕ್ಕ ಇದ್ದಾರೆ. ಹೂ ಕಟ್ಟುವುದರಲ್ಲಿ ಅವರ ಕೈಯಷ್ಟು ಚುರುಕಿನ ಕೈ ಇನ್ನೊಂದಿಲ್ಲ. ಮಾಲೆ ಕಟ್ಟಿ ಮುಗಿಸಿ, ನಾರಿನ ತುಂಡು ಗುಡಿಸಿ, ಕೈ ತೊಳೆದು ಏಳುತ್ತಾರೆ. ಒಂದು ಮೊಗ್ಗೂ ಮುಡಿಯುವುದಿಲ್ಲ. ಗಂಡ ತೀರಿಕೊಂಡು ಆರು ವರ್ಷ ಆಯಿತು. ಮುಡಿಯಬೇಡ ಅಂತ ಯಾರೂ ಈಗ ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಮುಡಿ ಅಂತಲೂ ಯಾರೂ ಹೇಳಲಿಲ್ಲ.

ಕುಂಕುಮ, ಕರಿಮಣಿ ಮದುವೆಯ ಮಾತು ಅಂತ ನೀವು ವಾದ ಮಾಡಬಹುದು. ಹೂ ಹಾಗಲ್ಲ. ಮೂರು ವರ್ಷದ ಮಗುವಿಗೆ ಜಡೆ ಹಾಕಿ ಅಮ್ಮ ಮುಡಿಸಿದ ಹೂ ಅದು. ಗಂಡ ಕೊಟ್ಟದ್ದಲ್ಲ. ಅವನು ಹೋದಾಗ ಅದು ಯಾಕೆ ಹೋಗಬೇಕು? ಗಿಡಕ್ಕೆ ನೀರು ಹಾಕಿದವರು ಅವರು. ಮೊಗ್ಗು ಕೊಯ್ದವರು ಅವರು. ಮುಡಿಯುವುದು, ಬಿಡುವುದು ಅವರಿಗೆ ಸೇರಿದ್ದು. ಒತ್ತಾಯ ಮಾಡಿ ಮುಡಿಸುವುದೂ ಬೇಡ. ಹೂ ಹಂಚುವಾಗ ಅವರನ್ನು ದಾಟಿ ಹೋಗುವುದೂ ಬೇಡ. ಎಲ್ಲರ ಮುಂದೆ ಹಿಡಿದ ತಟ್ಟೆ ಅವರ ಮುಂದೆಯೂ ಹಿಡಿಯೋಣ.

ಇದಕ್ಕೆ ನಿಮ್ಮಲ್ಲಿ ಬೇರೆ ಮಾತಿದ್ದರೆ ಹೇಳಿ, ನಾವು ಕೇಳುತ್ತೇವೆ. ಕೋಪ ಬಂದಿದ್ದರೂ ಹೇಳಿ. ನಾಳೆ ಬರುವಾಗ ಈ ವಾರದ ಚೀಟಿಗಳನ್ನು ತನ್ನಿ. ಕಮಿಷನ್ ಕಳೆಯುವ ಲೆಕ್ಕ ಮಾಡಲಿಕ್ಕಿದೆ.