ಬಜಪೆಯಿಂದ ದುಬೈಗೆ ಎಷ್ಟು ದೂರ?

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯ ಮಕ್ಕಳು ನಡೆದು ಬರುತ್ತಿದ್ದ ಶಾಲೆ ಇದು. ಒಂಬತ್ತನೇ ತರಗತಿಯಲ್ಲಿ ನಮ್ಮ ಸಮಾಜದ ಮಾಸ್ಟ್ರು ಗೋಳದ ಮೇಲೆ ಮಂಗಳೂರಿನಿಂದ ದುಬೈಗೆ ಒಂದು ದಾರ ಎಳೆದು ಹಿಡಿಸಿದರು. ಆ ದಾರವನ್ನು ಸಮಭಾಜಕ ವೃತ್ತದ ಮೇಲಿಟ್ಟು ನೋಡಿದರೆ 22 ಡಿಗ್ರಿ. ಡಿಗ್ರಿಗೆ 111 ಕಿಲೋಮೀಟರಿನಂತೆ 2,442. ಮುಂದೆ ಅದೇ ದಾರಿಯಲ್ಲಿ ಎಷ್ಟು ಸಲ ಓಡಾಡುತ್ತೇನೆಂದು ಆಗ ಗೊತ್ತಿರಲಿಲ್ಲ.

ಮಕ್ಕಳೇ, ವಿಮಾನಕ್ಕೆ ಈ ದಾರಿ ಸುಮಾರು ಮೂರೂವರೆ ಗಂಟೆಯದು. ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಹಾಗಾಗಿ ಮಧ್ಯಾಹ್ನ 12ಕ್ಕೆ ಇಲ್ಲಿಂದ ಹೊರಟರೆ ಅಲ್ಲಿಯ 2ಕ್ಕೆ ಇಳಿಯುತ್ತೀರಿ. ಅಲ್ಲಿಂದ 12ಕ್ಕೆ ಹೊರಟರೆ ಇಲ್ಲಿ ಸಂಜೆ 5. ಹೋಗಲು ಎರಡು ಗಂಟೆ, ಬರಲು ಐದು ಗಂಟೆ! ಗಡಿಯಾರದ ಆಟ ಇದು. ಆದರೆ ಗಲ್ಫಿಗೆ ಹೋದವರಿಗೆ ಇದು ಬರೀ ಆಟವಲ್ಲ.

1997ರ ಮಳೆಗಾಲ. ಒಂದು ಶುಕ್ರವಾರ ಬೆಳಿಗ್ಗೆ ಅಪ್ಪ ತೀರಿಹೋದ ಸುದ್ದಿ ಫೋನಿನಲ್ಲಿ ಬಂತು. ಅಲ್ಲಿ ಅಂದು ವಾರದ ರಜೆ. ನನ್ನ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿತ್ತು. ಅದು ಕೈಗೆ ಸಿಕ್ಕಿದ್ದು ಶನಿವಾರ. ಬಜಪೆಯಲ್ಲಿ 1951ರಲ್ಲೇ ವಿಮಾನ ಇಳಿದಿದ್ದರೂ ದುಬೈಯಿಂದ ನೇರ ವಿಮಾನ ಆಗ ಇರಲಿಲ್ಲ. ರಾತ್ರಿ ಮುಂಬಯಿಗೆ ಹೊರಟೆ. ಮುಂಬಯಿಯಿಂದ ಇಲ್ಲಿಗೆ ಸೀಟು ಸಿಗಲಿಲ್ಲ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಬಸ್ಸು ಹತ್ತಿದೆ, ಮಳೆಯಲ್ಲಿ ಒಂದು ರಾತ್ರಿ, ಒಂದು ಹಗಲು. ಮನೆ ಮುಟ್ಟಿದ್ದು ಸೋಮವಾರ ಸಂಜೆ. ತೋಟದ ಬದಿಯಲ್ಲಿ ಚಿತೆಯ ಬೂದಿ ತಣ್ಣಗಾಗಿತ್ತು. "ಕಾದೆವು ಮಾರಾಯಾ, ಎಷ್ಟು ಅಂತ ಕಾಯುವುದು?" ಎಂದ ಅಣ್ಣ. ಅವನದು ತಪ್ಪಲ್ಲ.

2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಶುರುವಾಯಿತು. 2014ರಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದರು. ಬೆಳಿಗ್ಗೆ ಫೋನು ಬಂತು. ಈ ಸಲ ಪಾಸ್‌ಪೋರ್ಟ್ ನನ್ನ ಹತ್ತಿರವೇ ಇತ್ತು, ಟಿಕೆಟಿನ ದುಡ್ಡು ಬೇರೆ ತೆಗೆದಿಟ್ಟಿದ್ದೆ. ರಾತ್ರಿ ಊಟದ ಹೊತ್ತಿಗೆ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ಕುಳಿತಿದ್ದೆ. "ಇಷ್ಟು ಬೇಗ ಹೇಗೆ ಬಂದೆ ಮಗಾ? ಊಟ ಆಯಿತಾ?" ಎಂದರು. ಆಮೇಲೆ ಹನ್ನೊಂದು ದಿನ ಇದ್ದರು. ಅಷ್ಟೂ ದಿನ ನಾನು ಹತ್ತಿರವಿದ್ದೆ.

ಎರಡು ಸಲವೂ ದಾರ ಅಷ್ಟೇ ಉದ್ದ, 22 ಡಿಗ್ರಿ. ಹೆಚ್ಚುಕಡಿಮೆಯಾದದ್ದು ಕಾಯುವ ಹೊತ್ತು. ಮಾಸ್ಟ್ರ ಲೆಕ್ಕ ಸರಿಯೇ, ಆದರೆ ಅದಕ್ಕೆ ರಜೆ, ಸೀಟು, ಮನೆಯಿಂದ ನಿಲ್ದಾಣದ ದಾರಿ ಎಲ್ಲವನ್ನೂ ಕೂಡಿಸಬೇಕೆಂದು ನಾನು ತಡವಾಗಿ ಕಲಿತೆ.

ನಿಮ್ಮಲ್ಲೂ ಹಲವರು ನಾಳೆ ದೂರ ಹೋಗುತ್ತೀರಿ. ಹೋಗಿ, ದುಡಿಯಿರಿ. ಆದರೆ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ, ಅದರ ಅವಧಿ ಮುಗಿಯಲು ಬಿಡಬೇಡಿ. ಮೊದಲ ಸಂಬಳದಲ್ಲೇ ಊರಿಗೆ ಬರುವ ಒಂದು ಟಿಕೆಟಿನ ದುಡ್ಡು ಬದಿಗಿಡಿ, ಅದನ್ನು ಮುಟ್ಟಬೇಡಿ. ಅಪ್ಪ ಅಮ್ಮ ಗಟ್ಟಿಯಿರುವಾಗಲೇ ಒಮ್ಮೆ ಸುಮ್ಮನೆ ಬಂದು ಹೋಗಿ.

ನಮ್ಮ ಕಾಲದ ಗೋಳ ಮುರಿದಿದೆಯೆಂದು ತಿಳಿದು ಹೊಸದೊಂದು ತಂದಿದ್ದೇನೆ. ಜೊತೆಗೊಂದು ದಾರವೂ ಇದೆ.