ಎಕ್ಸ್‌ರೇ ಸರಿ ಇದೆ, ಮಂಡಿ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಪ್ಪಾ" ಅಂದರು. ಕಂಪ್ಯೂಟರ್ ವಿಷಯ ತಿಳಿಯಲು ಈಗ ಮಕ್ಕಳ ಕೈಯಲ್ಲಿರುವ ಫೋನೇ ಸಾಕು. ನಾನು ಮಂಡಿಯ ಬಗ್ಗೆ ಮಾತಾಡುತ್ತೇನೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಆಗಲಿ" ಅಂದರು.

ನಾನು ಡಾಕ್ಟರ್ ಅಲ್ಲ, ಬಿ.ಇ. ಓದಿದವನು. ಆದರೆ ಬೆಂಗಳೂರಿನಲ್ಲಿ ಆಫೀಸಿನ ಕ್ರಿಕೆಟ್ ಆಡುವಾಗ ನನ್ನ ಎಡಮಂಡಿಯ ಲಿಗಮೆಂಟ್ ಹರಿಯಿತು. ಅದಕ್ಕೂ ಒಂದು ವರ್ಷ ಮೊದಲು, ಇಲ್ಲೇ ಕಬಡ್ಡಿ ಆಡುವಾಗ ನನ್ನ ಚಿಕ್ಕಪ್ಪನ ಮಗನಿಗೂ ಅದೇ ಲಿಗಮೆಂಟ್ ಹರಿದಿತ್ತು. ಪೆಟ್ಟು ಒಂದೇ. ಇವತ್ತು ನಾನು ಮೆಟ್ಟಿಲು ಹತ್ತಿ ವೇದಿಕೆಗೆ ಬಂದೆ. ಅವನು ಅಡಿಕೆ ಮರ ಹತ್ತುವ ಕೆಲಸ ಬಿಟ್ಟು ಎರಡು ವರ್ಷವಾಯಿತು. ಹೀಗೇಕಾಯಿತು ಎಂದು ಡಾಕ್ಟರುಗಳನ್ನು ಕೇಳಿದೆ, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಸೂಳೆಕೆರೆಯ ಏರಿಯನ್ನು ನೆನಪಿಸಿಕೊಳ್ಳಿ. ಅಷ್ಟು ದೊಡ್ಡ ನೀರು, ಏರಿ ಮಾತ್ರ ಎರಡು ಗುಡ್ಡಗಳ ನಡುವಿನ ಸಣ್ಣ ಕಟ್ಟೆ. ಮಂಡಿಯೊಳಗಿನ ಎ.ಸಿ.ಎಲ್. ಎಂಬ ಲಿಗಮೆಂಟೂ ಹಾಗೆಯೇ. ತೊಡೆಮೂಳೆ, ಕಣಕಾಲಿನ ಮೂಳೆಗಳ ನಡುವೆ ಇರುವ, ಸುಮಾರು ಮೂರು ಸೆಂಟಿಮೀಟರ್ ಉದ್ದದ ಹುರಿ. ಕಣಕಾಲು ಮುಂದಕ್ಕೆ ಜಾರದಂತೆ, ತಿರುಚದಂತೆ ಹಿಡಿಯುವುದು ಅದು. ಓಡುತ್ತಾ ಓಡುತ್ತಾ ಪಾದ ನೆಲಕ್ಕೆ ಊರಿ, ಮೈ ಮಾತ್ರ ಇನ್ನೊಂದು ಕಡೆ ತಿರುಗಿದರೆ ಅದು ಹರಿಯುತ್ತದೆ. ಎದುರಾಳಿ ಮುಟ್ಟಬೇಕೆಂದೇನೂ ಇಲ್ಲ. 'ಟಪ್' ಎಂಬ ಸದ್ದು ಕೇಳಿಸಿತು ಎಂದು ಎಷ್ಟೋ ಜನ ಹೇಳುತ್ತಾರೆ. ಕೆಲವೇ ಗಂಟೆಗಳಲ್ಲಿ ಒಳಗೆ ರಕ್ತ ತುಂಬಿ ಮಂಡಿ ಊದುತ್ತದೆ.

ತಮ್ಮನಿಗೆ ಆದದ್ದೂ ಅದೇ. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆದು, "ಮೂಳೆ ಮುರಿದಿಲ್ಲ, ಏನೂ ಆಗಿಲ್ಲ" ಎಂದು ಮಾತ್ರೆ ಕೊಟ್ಟು ಕಳಿಸಿದರು. ಮೊದಲರ್ಧ ನಿಜ. ಆದರೆ ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ, ಲಿಗಮೆಂಟ್ ಅಲ್ಲ. ಅನುಭವವಿರುವ ಮೂಳೆ ಡಾಕ್ಟರ್ ಕೈಯಲ್ಲೇ ಕಾಲು ಹಿಡಿದು ಎಳೆದು ನೋಡಿ ಬಹುಮಟ್ಟಿಗೆ ಹೇಳಬಲ್ಲರು. ಎಂ.ಆರ್.ಐ. ಅದನ್ನು ಖಚಿತಪಡಿಸುತ್ತದೆ. ಊತ ಹೆಚ್ಚಿದ್ದಾಗ ಈ ಪರೀಕ್ಷೆ ಕಷ್ಟ. ಹಾಗಾಗಿ ಊತ ಇಳಿದ ಮೇಲೆ, ವಾರ ಹತ್ತು ದಿನದಲ್ಲಿ, ಇನ್ನೊಮ್ಮೆ ತೋರಿಸಲೇಬೇಕು. ಅದನ್ನು ಇವನಿಗೆ ಯಾರೂ ಹೇಳಲಿಲ್ಲ. ಮನೆಯವರು ಉಳುಕು ತೆಗೆಯುವವರ ಹತ್ತಿರ ಕರೆದೊಯ್ದರು, ಅವರು ಎಣ್ಣೆ ಹಚ್ಚಿ ಜೋರಾಗಿ ನೀವಿದರು. ಮೂರು ವಾರಕ್ಕೆ ನೋವು ಹೋಯಿತು. ನೋವು ಹೋದದ್ದೇ ಮೋಸ. ಲಿಗಮೆಂಟ್ ಹರಿದ ಮಂಡಿ ನೇರ ನಡೆಯುವಾಗ ಚೆನ್ನಾಗಿಯೇ ಇರುತ್ತದೆ, ತಿರುಗಿದಾಗ ಕೈಕೊಡುತ್ತದೆ. ಅವನ ಮಂಡಿ ಗದ್ದೆ ಬದುವಿನ ಮೇಲೆ, ತೋಟದಲ್ಲಿ, ಮತ್ತೆ ಕಬಡ್ಡಿ ಅಂಗಳದಲ್ಲಿ ಹಾಗೆ ಹಲವು ಸಲ ಸರಿಯಿತು. ಒಂದೊಂದು ಸಲ ಸರಿದಾಗಲೂ ಮೂಳೆಗಳ ನಡುವಿನ ಮೆತ್ತೆ, ಅಂದರೆ ಮೆನಿಸ್ಕಸ್, ಅರೆದುಹೋಗುತ್ತದೆ. ಲಿಗಮೆಂಟನ್ನು ಹೊಸದಾಗಿ ಹಾಕಬಹುದು, ಸವೆದ ಮೆತ್ತೆಯನ್ನು ಮೊದಲಿನಂತೆ ಮಾಡಲಾಗದು.

ಹಾಗಾದರೆ ಹರಿದ ಕೂಡಲೇ ಆಪರೇಷನ್ ಮಾಡಿಸಬೇಕೇ? ಇಲ್ಲಿಯೇ ನನಗೆ ಆಶ್ಚರ್ಯವಾದದ್ದು. ಸ್ವೀಡನ್ನಿನ ವೈದ್ಯರು 121 ಯುವಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗನೆ ಆಪರೇಷನ್ ಮತ್ತು ವ್ಯಾಯಾಮ. ಇನ್ನೊಂದು ಗುಂಪಿನ 59 ಜನರಿಗೆ ಮೊದಲು ವ್ಯಾಯಾಮ ಮಾತ್ರ, ಬೇಕಾದರೆ ಆಮೇಲೆ ಆಪರೇಷನ್. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷದಲ್ಲಿ ಆ 59ರಲ್ಲಿ 23 ಜನ ಮಾತ್ರ ಆಪರೇಷನ್ ಮಾಡಿಸಿಕೊಂಡರು. ಎರಡೂ ಗುಂಪಿನ ಮಂಡಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಐದು ವರ್ಷದ ಹೊತ್ತಿಗೆ ಆಪರೇಷನ್‌ಗೆ ಬಂದವರು ಅರ್ಧದಷ್ಟಾದರು, ಇನ್ನರ್ಧ ಜನಕ್ಕೆ ಬೇಕಾಗಲೇ ಇಲ್ಲ. ಆದರೆ 2022ರಲ್ಲಿ ಬ್ರಿಟನ್ನಿನಿಂದ ಬಂದ ಇನ್ನೊಂದು ಅಧ್ಯಯನ ಬೇರೆ ಮಾತು ಹೇಳಿತು. ಪೆಟ್ಟಾಗಿ ಬಹಳ ಕಾಲವಾದರೂ ಮಂಡಿ ಸರಿಯುತ್ತಲೇ ಇದ್ದ 316 ಜನರಲ್ಲಿ ಆಪರೇಷನ್ ಮಾಡಿಸಿಕೊಂಡವರೇ ಹೆಚ್ಚು ಸುಧಾರಿಸಿದ್ದರು.

ಎರಡನ್ನೂ ಒಟ್ಟಿಗೆ ಓದಿದರೆ ನನಗೆ ಕಾಣುವುದು ಇಷ್ಟು: ತೀರ್ಮಾನ ಮಾಡುವುದು ಎಂ.ಆರ್.ಐ. ರಿಪೋರ್ಟ್ ಅಲ್ಲ, ಮಂಡಿ ಸರಿಯುತ್ತದೆಯೇ ಎಂಬುದು, ಮತ್ತು ಆ ಮನುಷ್ಯ ಮಾಡುವ ಕೆಲಸ. ನನ್ನದು ಕುರ್ಚಿ ಕೆಲಸ. ಎಂಟು ತಿಂಗಳು ಫಿಸಿಯೋಥೆರಪಿ ಮಾಡಿದೆ, ಮಂಡಿ ನಿಂತಿತು, ಕ್ರಿಕೆಟ್ ಬಿಟ್ಟೆ, ಆಪರೇಷನ್ ಬೇಕಾಗಲಿಲ್ಲ. ತಮ್ಮ ಎರಡೂ ಪಾದದಿಂದ ಮರ ಅವುಚಿ ಹತ್ತಬೇಕು, ಒಂದು ಮರದಿಂದ ಇನ್ನೊಂದಕ್ಕೆ ದಾಟಬೇಕು. ಅಷ್ಟು ಎತ್ತರದಲ್ಲಿ ಮಂಡಿ ಒಂದು ಸಲ ಕೈಕೊಟ್ಟರೆ ಸಾಕು. ಅವನಿಗೆ ಆಪರೇಷನ್ ಬೇಕಿತ್ತು, ಮೆತ್ತೆ ಹಾಳಾಗುವ ಮೊದಲೇ ಬೇಕಿತ್ತು.

ಕೊನೆಗೂ ಆಪರೇಷನ್ ಆಯಿತು. ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಬಿಟ್ಟು, ತೊಡೆಯ ಹಿಂಭಾಗದ ಸ್ನಾಯುವಿನ ಹುರಿ ತೆಗೆದು, ಮೂಳೆಗೆ ರಂಧ್ರ ಕೊರೆದು ಕೂರಿಸುತ್ತಾರೆ. ಆದರೆ ಕೂರಿಸಿದ ಹುರಿ ಅವತ್ತಿಗೇ ಲಿಗಮೆಂಟ್ ಆಗುವುದಿಲ್ಲ. ಅದು ಒಳಗೊಳಗೇ ಬದಲಾಗುತ್ತಾ, ಮೊದಲ ಕೆಲವು ತಿಂಗಳು ಇನ್ನಷ್ಟು ದುರ್ಬಲವಾಗಿ, ಆಮೇಲೆ ಬಲಗೊಳ್ಳುತ್ತದೆ. ಒಂಬತ್ತು ತಿಂಗಳ ಮೊದಲು ಆಟಕ್ಕೆ ಇಳಿದವರಲ್ಲಿ ಮತ್ತೆ ಪೆಟ್ಟಾಗುವುದು ಹೆಚ್ಚು ಎಂದು ನಾರ್ವೆಯವರ ಅಧ್ಯಯನವೊಂದು ಹೇಳುತ್ತದೆ. ಕ್ರಿಕೆಟಿಗ ರಿಷಭ್ ಪಂತ್ 2022ರ ಡಿಸೆಂಬರ್‌ನಲ್ಲಿ ಅಪಘಾತಕ್ಕೊಳಗಾಗಿ, ಮುಂಬೈಯಲ್ಲಿ ಮಂಡಿಯ ಲಿಗಮೆಂಟಿನ ಶಸ್ತ್ರಚಿಕಿತ್ಸೆಯಾಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿ, ಮತ್ತೆ ಮೈದಾನಕ್ಕಿಳಿದದ್ದು 2024ರ ಮಾರ್ಚ್‌ನಲ್ಲಿ. ನಮ್ಮ ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯಾ ಸರಣಿಯನ್ನೇ ತಪ್ಪಿಸಿಕೊಂಡರು. ಅವರಿಗೆ ಹಿಂದೆ ಮುಂದೆ ಜನ ಇದ್ದರು. ತಮ್ಮ ಒಂದೂವರೆ ತಿಂಗಳು ವ್ಯಾಯಾಮಕ್ಕೆ ಹೋದ. ಒಂದು ಸಲ ದಾವಣಗೆರೆಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ನಿಲ್ಲಿಸಿದ. ಈಗ ಅಡಿಕೆ ಸುಲಿಯುವ ಯಂತ್ರ ನೋಡಿಕೊಳ್ಳುತ್ತಾನೆ, ಮರ ಹತ್ತುತ್ತಿದ್ದಾಗಿನ ದುಡಿಮೆ ಇಲ್ಲ. ನಮ್ಮ ಕಡೆ ಆಪರೇಷನ್‌ಗೆ ಸಾಲ ಮಾಡುವ ಮನೆಯವರು ಫಿಸಿಯೋಥೆರಪಿಯನ್ನು 'ಕಾಲು ಆಡಿಸುವುದು' ಅನ್ನುತ್ತಾರೆ. ಆಪರೇಷನ್ ಆಗಲಿ ಬಿಡಲಿ, ತೊಡೆಯ ಸ್ನಾಯು ಬಲಪಡಿಸುವುದೇ ಅರ್ಧ ಚಿಕಿತ್ಸೆ.

ಎಲ್ಲ ಪೆಟ್ಟಿಗೂ ಇದೇ ದಾರಿ ಎಂದು ತಿಳಿಯಬೇಡಿ. ಹಿಮ್ಮಡಿಗಂಟಿನ ಉಳುಕು, ಮಂಡಿಯ ಒಳಬದಿಯ ಲಿಗಮೆಂಟ್ ಬಹುಪಾಲು ಪಟ್ಟಿ, ವ್ಯಾಯಾಮದಿಂದಲೇ ಕೂಡಿಕೊಳ್ಳುತ್ತವೆ. ವಯಸ್ಸಾದವರ ಮಂಡಿಯಲ್ಲಿ 'ಮೆನಿಸ್ಕಸ್ ಹರಿದಿದೆ' ಎಂದು ರಿಪೋರ್ಟ್ ಬಂದರೆ ಗಾಬರಿಯಾಗಿ ದುಡ್ಡು ಹೊಂದಿಸಲು ಓಡಬೇಡಿ. ಫಿನ್ಲೆಂಡಿನಲ್ಲಿ, ಸವೆತದಿಂದ ಹರಿದ ಮೆನಿಸ್ಕಸ್ ಇದ್ದ 146 ಜನರಲ್ಲಿ ಅರ್ಧ ಜನಕ್ಕೆ ಅದನ್ನು ಕತ್ತರಿಸಿ, ಉಳಿದವರಿಗೆ ಆಪರೇಷನ್ ಮಾಡಿದಂತೆ ನಟಿಸಿದರು. ಒಂದು ವರ್ಷದ ಮೇಲೆ ಇಬ್ಬರಿಗೂ ಗುಣ ಒಂದೇ. ಆದರೆ ಮಂಡಿ ಸಿಕ್ಕಿಹಾಕಿಕೊಂಡು ನೀಡಲಾಗದಿದ್ದರೆ, ನಾಲ್ಕು ಹೆಜ್ಜೆ ಊರಲಾಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೀಲು ತಪ್ಪಿ ಪಾದ ತಣ್ಣಗಾದರೆ ಗಂಟೆಯೂ ಕಾಯುವಂತಿಲ್ಲ, ರಕ್ತನಾಳ ಕಟ್ಟಿರಬಹುದು. ಭುಜದ ಕೀಲು ತಪ್ಪಿದರೆ ಮೈದಾನದಲ್ಲೇ ಎಳೆದು ಕೂರಿಸುವ ಶೂರರಿಗೆ ಅವಕಾಶ ಕೊಡಬೇಡಿ.

ಉಳುಕು ತೆಗೆಯುವ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಹನ್ನೊಂದಕ್ಕೂ ಬಾಗಿಲು ತೆರೆಯುವವರು ಅವರೇ. ಅವರಲ್ಲಿ ಒಂದೇ ಕೋರಿಕೆ: ಮೊದಲ ಮೂರು ದಿನ ನೀವಬೇಡಿ, ಕಾಯಿಸಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಪ್ಪತ್ತು ನಿಮಿಷ, ಕ್ರೇಪ್ ಬ್ಯಾಂಡೇಜ್, ಕಾಲ ಕೆಳಗೆ ದಿಂಬು. ಬೇಗ ಊದಿದ ಮಂಡಿಯಾದರೆ ಡಾಕ್ಟರ ಹತ್ತಿರ ಕಳಿಸಿ.

ಖರ್ಚಿನ ಮಾತು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್, ಬೆಂಗಳೂರಿನ ಸಂಜಯಗಾಂಧಿ ಆಸ್ಪತ್ರೆ ಸರ್ಕಾರದವು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ರೆಫರಲ್ ಚೀಟಿ ಪಡೆಯಿರಿ.

ಮಕ್ಕಳೇ, ಇನ್ನು ನಿಮ್ಮ ಪಾಲು. ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಮಾಡುವ ವ್ಯಾಯಾಮವೊಂದನ್ನು ಫುಟ್‌ಬಾಲಿನವರು ರೂಪಿಸಿದ್ದಾರೆ, ಅದರಿಂದ ಪೆಟ್ಟು ಕಡಿಮೆಯಾಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಒಂಟಿಕಾಲಲ್ಲಿ ನಿಲ್ಲುವುದು, ಕುಕ್ಕರಗಾಲು, ನೆಗೆದು ಮಂಡಿ ಬಗ್ಗಿಸಿ ಮೆಲ್ಲಗೆ ಇಳಿಯುವುದು. ಸಲಕರಣೆ ಬೇಡ, ನಮ್ಮ ಶಾಲೆಯ ಮೈದಾನ ಸಾಕು. ಚಿತ್ರ ಸಹಿತ ಹಾಳೆಯನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ದೈಹಿಕ ಶಿಕ್ಷಕರಿಗೆ ಕೊಟ್ಟಿದ್ದೇನೆ. ನಮ್ಮ ಬ್ಯಾಚಿನವರು ಸೇರಿ ಐಸ್ ಪೆಟ್ಟಿಗೆ, ಹತ್ತು ಕ್ರೇಪ್ ಬ್ಯಾಂಡೇಜ್ ತಂದಿದ್ದೇವೆ. ತಿಂಗಳಿಗೊಂದು ಭಾನುವಾರ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಇಲ್ಲಿಗೇ ಕರೆಸುವ ಖರ್ಚನ್ನು ಮುಂದಿನ ಒಂದು ವರ್ಷ ನಾವೇ ಹೊರುತ್ತೇವೆ. ಮೊದಲ ಭಾನುವಾರಕ್ಕೆ ತಮ್ಮ ಆಗಲೇ ಹೆಸರು ಬರೆಸಿದ್ದಾನೆ. ಬೇಕಾದವರು ಊಟದ ಪಂಕ್ತಿ ಮುಗಿದ ಮೇಲೆ ಆಫೀಸ್ ಕೋಣೆಯಲ್ಲಿ ಹೆಸರು ಕೊಡಿ.