ಐವತ್ತಾರು ಪರ್ಸೆಂಟಿನ ಹುಡುಗ ಡಾಕ್ಟರೇಟ್ ಮಾಡಬಾರದೇ?

(ಬಡಾವಣೆಯ ಯುವಕರ ಭಾನುವಾರದ ಸಭೆಯಲ್ಲಿ ಆಡಿದ ಮಾತು)



ನಾನು ಪಿಯುಸಿ ಓದಿದವನು. ಮುದ್ರಣಾಲಯ ನಡೆಸುತ್ತೇನೆ. ಡಾಕ್ಟರೇಟ್ ಬಗ್ಗೆ ಇವನೇನು ಹೇಳಿಯಾನು ಎಂದು ನೀವು ನಗಬಹುದು. ನಗಿ. ಆದರೆ ಎಷ್ಟೋ ಮಹಾಪ್ರಬಂಧಗಳಿಗೆ ರಟ್ಟು ಕಟ್ಟಿದ ಕೈ ಇದು. ಒಂದರ ಮೇಲಾದರೂ ಬರೆದವನ ಎಂ.ಎ. ಅಂಕ ಅಚ್ಚಾದದ್ದನ್ನು ನಾನು ಕಂಡಿಲ್ಲ!

ಹೋದ ವರ್ಷ ಒಬ್ಬ ಹುಡುಗ ಅಂಕಪಟ್ಟಿ ಜೆರಾಕ್ಸ್ ಮಾಡಿಸಲು ಬಂದ. ಅರ್ಥಶಾಸ್ತ್ರದಲ್ಲಿ ಎಂ.ಎ., ಶೇಕಡಾ 56. ತಂದೆ ಆಟೋ ಓಡಿಸುತ್ತಾರೆ. ರಾತ್ರಿ ಪಾಳಿ ಕೆಲಸ ಮಾಡಿ ಹಗಲು ಓದಿದವನು. "ಪಿಎಚ್.ಡಿ. ಆಸೆ ಇತ್ತಣ್ಣ. ಈ ಅಂಕಕ್ಕೆ ಯಾರು ಸೇರಿಸ್ಕೋತಾರೆ?" ಎಂದ. ನನಗೂ ಗೊತ್ತಿರಲಿಲ್ಲ. ಇಬ್ಬರೂ ಕೂತು ಯುಜಿಸಿ ನಿಯಮಗಳನ್ನು ಓದಿದೆವು. ಅಂದು ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಯುಜಿಸಿಯ 2022ರ ನಿಯಮದಂತೆ ಎಂ.ಎ. ಮಾಡಿದವರಿಗೆ ಬೇಕಾದ್ದು ಶೇ. 55. ಪರಿಶಿಷ್ಟರು, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರು, ಅಂಗವಿಕಲರು ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 50 ಸಾಕು. ಇದು ಬಾಗಿಲು, ತಕ್ಕಡಿಯಲ್ಲ! ಬಾಗಿಲು ದಾಟಿದ ಮೇಲೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30. 2024ರ ಜೂನ್‌ನಿಂದ ನೆಟ್ ಅಂಕದ ಮೇಲೂ ಇದೇ ಲೆಕ್ಕದಲ್ಲಿ ಪ್ರವೇಶವಿದೆ. ಈ ಲೆಕ್ಕದಲ್ಲಿ ನಿಮ್ಮ ಎಂ.ಎ. ಅಂಕಕ್ಕೆ ಕಾಲಂ ಎಲ್ಲಿದೆ? 56 ಪಡೆದವನೂ 80 ಪಡೆದವನೂ ಅಲ್ಲಿ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ.

ಬಾಗಿಲೇ ದಾಟದಿದ್ದರೆ? ಸುಳ್ಳು ಧೈರ್ಯ ಹೇಳುವುದಿಲ್ಲ. ಶಿಫಾರಸು ಪತ್ರ ಹಿಡಿದು ಅಲೆಯಬೇಡಿ. ಅಂಕ ಸುಧಾರಣೆಯ ಪರೀಕ್ಷೆಗೆ ಅವಕಾಶ ಇದೆಯೇ ಎಂದು ನಿಮ್ಮ ವಿಶ್ವವಿದ್ಯಾಲಯದಲ್ಲಿ ಕೇಳಿ. ಇಲ್ಲವಾದರೆ ಇಗ್ನೋದಂಥ ದೂರಶಿಕ್ಷಣದಲ್ಲಿ ಇನ್ನೊಂದು ಎಂ.ಎ. ಮಾಡಿ. ಎರಡು ವರ್ಷ ಹೋಗುತ್ತದೆ, ನಿಜ. ಕೊರಗುತ್ತಾ ಕೂತರೂ ಹೋಗುತ್ತದೆ!

ನೆಟ್‌ನಲ್ಲಿ ಮೂರು ಗಂಟೆ, 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅರ್ಥಶಾಸ್ತ್ರದವರು ಎಡವುವುದು ಗಣಿತದಲ್ಲಿ, ಸಂಖ್ಯಾಶಾಸ್ತ್ರದಲ್ಲಿ, ಎಕನಾಮೆಟ್ರಿಕ್ಸ್‌ನಲ್ಲಿ. ಮೊದಲು ಅಲ್ಲಿಗೇ ಕೈ ಹಾಕಿ. ಜೆಆರ್‌ಎಫ್ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ರಾತ್ರಿ ಪಾಳಿ ಮಾಡುವವನಿಗೆ ಇದು ಸಣ್ಣ ಮಾತೇ?

ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿಯವನಿಗೆ ಅವನ ಭಾಷೆ ಉಂಟು, ನಮಗೆ ಇಲ್ಲ! ಈ ಅನ್ಯಾಯದ ವಿರುದ್ಧ ದನಿ ಎತ್ತೋಣ. ಆದರೆ ಅಲ್ಲಿಯವರೆಗೆ ಓದು ನಿಲ್ಲದಿರಲಿ. ಬೇಡಿಕೆಯ ಸ್ಥಿತಿಸ್ಥಾಪಕತ್ವ ಕನ್ನಡದಲ್ಲಿ ಅರ್ಥವಾಗಿದ್ದರೆ, ಅದರ ಇಂಗ್ಲಿಷ್ ಹೆಸರು ಕಲಿಯಲು ಒಂದು ನಿಮಿಷ ಸಾಕು. ಅರ್ಥವಾಗದೆ ಹೆಸರು ಮಾತ್ರ ಕಲಿತವನ ಗತಿ ಏನು?

ಇನ್ನು ಸಂದರ್ಶನ. ಆ ಹುಡುಗ ಮೊದಲು ತಂದ ವಿಷಯ "ಭಾರತದ ಆರ್ಥಿಕ ಅಭಿವೃದ್ಧಿ". ನಾನೆಂದೆ: "ತಮ್ಮಾ, ಇದು ಸಮುದ್ರ. ನನ್ನ ಪ್ರೆಸ್ಸನ್ನೇ ನೋಡು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ನಮ್ಮಂಥ ಸಣ್ಣ ಪ್ರೆಸ್ಸುಗಳ ಕೆಲಸಗಾರರು ಏನಾದರು?" ಅವನೇ ಹುಡುಕಿದ. 2015-16ರಲ್ಲಿ ಸಣ್ಣ ಉದ್ಯಮಗಳ ರಾಷ್ಟ್ರೀಯ ಮಾದರಿ ಸಮೀಕ್ಷೆ ನಡೆದಿತ್ತು, 2021-22ರಲ್ಲಿ ಮತ್ತೊಂದು. ಅಂಕಿಅಂಶ ಪುಕ್ಕಟೆ ಸಿಗುತ್ತದೆ. ನಡುವೆ ನೋಟು ರದ್ದಾಯಿತು, ಕೊರೊನಾ ಬಂತು. ಯಾವ ಏಟು ಯಾವುದರದ್ದು ಎಂದು ಬೇರ್ಪಡಿಸಬೇಕು. ಸಂಶೋಧನೆ ಎಂದರೆ ಅದೇ ಅಲ್ಲವೇ?

ಮಾರ್ಗದರ್ಶಕರನ್ನು ಮೊದಲೇ ಹುಡುಕಿ. ಪ್ರೊಫೆಸರ್ ಒಬ್ಬರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ಜಾಗವಿಲ್ಲದ ಕಡೆ ಚಿನ್ನದ ಪದಕಕ್ಕೂ ಸೀಟಿಲ್ಲ! ಅವರ ಬರಹಗಳನ್ನು ಓದಿ ಒಂದು ಪುಟದ ಪತ್ರ ಬರೆಯಿರಿ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ನಮ್ಮ ನಾಗರಭಾವಿಯಲ್ಲೇ ಇದೆ. ನಿಮ್ಮಲ್ಲಿ ಎಷ್ಟು ಜನ ಅದರ ಗೇಟಿನವರೆಗಾದರೂ ಹೋಗಿದ್ದೀರಿ?

ಅಂಕ ಕಡಿಮೆ ಏಕೆ ಎಂದು ಕೇಳಿಯೇ ಕೇಳುತ್ತಾರೆ. ಗೋಳಾಡಬೇಡಿ, ಸುಳ್ಳು ಹೇಳಬೇಡಿ. ಎರಡು ವಾಕ್ಯದಲ್ಲಿ ನಿಜ ಹೇಳಿ, ಮೂರನೆಯ ವಾಕ್ಯಕ್ಕೆ ನಿಮ್ಮ ವಿಷಯಕ್ಕೆ ಬನ್ನಿ. ಪುಸ್ತಕದಲ್ಲಿ ತಪ್ಪು ಉಳಿದರೆ ನಾವು ಕೊನೆಗೆ ತಪ್ಪು-ಒಪ್ಪು ಪಟ್ಟಿ ಹಾಕುತ್ತೇವೆ. ಪುಸ್ತಕವನ್ನೇ ಸುಡುವುದಿಲ್ಲ.

ಆ ಹುಡುಗನಿಗೆ ಮೊದಲ ಸಲ ಸೀಟು ಸಿಗಲಿಲ್ಲ. ಗೋಡೆಯನ್ನು ನೋಡುತ್ತಾ ಒಂದು ವಾರ ಕೂತಿದ್ದ. ಈಗ ಅವನ ಸಾರಲೇಖ ಮೂರನೆಯ ಸಲ ತಿದ್ದಿಸಿಕೊಂಡು ನನ್ನ ಮೇಜಿನ ಮೇಲಿದೆ. ಅರ್ಜಿ ಮತ್ತೆ ಹೋಗುತ್ತದೆ. ಅವನ ಪ್ರಬಂಧಕ್ಕೆ ರಟ್ಟು ಕಟ್ಟುವವನು ನಾನೇ, ಬಿಲ್ಲು ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ನಿಮ್ಮ ಅಂಕಪಟ್ಟಿಯನ್ನು ಇವತ್ತೇ ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. 55 ದಾಟಿದೆಯೇ ನೋಡಿ. ದಾಟಿದ್ದರೆ ಕೂರಬೇಡಿ, ಹೊರಡಿ!